ಎಲ್ಡನ್ ಹಪ್ ಮನೆಯಲ್ಲೇ ಬಿದ್ದ

ಯಾರ ಮನೆಯಲ್ಲಿ ಮಗು ಹುಟ್ಟಲಿ, ಯಾರ ಮದುವೆ ನಡೆಯಲಿ, ಯಾರಾದರೂ ಕೆಲಸದಿಂದ ನಿವೃತ್ತರಾಗಲಿ, ಕೊನೆಗೆ ಯಾರದೋ ನಾಯಿಗೆ ಮೂರು ವರ್ಷ ತುಂಬಲಿ, ತಲೆಗೆ ಹಾಕುವ ಕಾಗದದ ಟೋಪಿ ಬರಬೇಕಾದದ್ದು ಓಹಾಯೋದ ಟಿಲ್ಬರಿಯಿಂದ. ಅಲ್ಲಿನ ಪ್ರಿಚೆಟ್ ಕಾರ್ಖಾನೆಯಲ್ಲಿ ನೂರ ನಲವತ್ತು ಜನ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆಯವರೆಗೆ ನಿಂತುಕೊಂಡೇ ಲೋಕದ ಸಂಭ್ರಮವನ್ನೆಲ್ಲ ತಯಾರಿಸುತ್ತಿದ್ದರು. ಟೋಪಿ, ಪೀಪಿ, ಬಣ್ಣದ ಕಾಗದದ ತೋರಣ, ಬಲೂನು ಹಾರಿಹೋಗದಂತೆ ಕಟ್ಟುವ ತೂಕದ ಗುಂಡು, 'ನಿವೃತ್ತಿಯ ಶುಭಾಶಯ' ಎಂದು ಬರೆದ ಹನ್ನೆರಡು ಅಡಿಯ ಕಾಗದದ ಪಟ್ಟಿ. ಆ ಪಟ್ಟಿಯನ್ನು ಇಪ್ಪತ್ತೆರಡು ವರ್ಷ ಮಡಿಚಿದ ಹೆಂಗಸೊಬ್ಬಳು ತಾನು ನಿವೃತ್ತಳಾದ ದಿನ, ಲೆಕ್ಕದಲ್ಲಿ ಒಂದು ಪಟ್ಟಿ ಕಡಿಮೆಯಾಗಬಾರದೆಂದು, ಬಾಗಿಲಲ್ಲಿ ಚೀಲ ಬಿಚ್ಚಿ ತೋರಿಸಿ ಮನೆಗೆ ಹೋಗಿದ್ದಳು.

ಕಾರ್ಖಾನೆಯವರ ಪಾಲಿಗೆ ಇದ್ದದ್ದು ಒಂದೇ ಒಂದು ಪಾರ್ಟಿ. ಅದು ಕ್ಯಾಂಟೀನಿನ ಗೋಡೆಯ ಮೇಲೆ, ಮೊಳೆಗೆ ನೇತುಬಿದ್ದಿತ್ತು.

'ಅಪಘಾತವಿಲ್ಲದೆ ಕಳೆದ ದಿನಗಳು' ಎಂದು ಬರೆದ ಒಂದು ಹಲಗೆ. ಅದರಲ್ಲಿ ಮೂರು ಮೊಳೆ, ಮೊಳೆಗೆ ತಗಡಿನ ಅಂಕಿ. ಸುರಕ್ಷತಾ ವಿಭಾಗದ ಪೆನಿ ದಿನಾ ಬೆಳಿಗ್ಗೆ ಏಣಿ ಹತ್ತಿ ಅಂಕಿ ಬದಲಿಸುತ್ತಿದ್ದಳು. ಸಾವಿರ ದಿನ ಮುಟ್ಟಿದರೆ ಹೆಂಡಿರು ಮಕ್ಕಳೊಂದಿಗೆ ಪಾರ್ಟಿ, ತಲೆಗೊಂದು ಹ್ಯಾಮ್ ಎಂಬ ಹದಮಾಡಿದ ಹಂದಿತೊಡೆ, ಮುಂದಿನ ಸೋಮವಾರ ಸಂಬಳ ಸಹಿತ ರಜೆ. ಕಾರ್ಖಾನೆಯೊಳಗೆ ಒಬ್ಬನಿಗೆ ಗಾಯವಾಯಿತೋ, ಅಂಕಿ ಸೊನ್ನೆ.

ಹಿಂದೊಮ್ಮೆ ಎಣಿಕೆ ಆರುನೂರ ಹನ್ನೆರಡಕ್ಕೆ ಬಂದಿದ್ದಾಗ ಡೆಲ್ಬರ್ಟ್ ಎಂಬವನು ತೋರಣ ಕತ್ತರಿಸುವ ಯಂತ್ರಕ್ಕೆ ಹೆಬ್ಬೆರಳು ಕೊಟ್ಟು, ಮೂರ್ಖನಂತೆ ನೇರವಾಗಿ ಪೆನಿಯ ಹತ್ತಿರ ಹೋಗಿ "ಯಂತ್ರಕ್ಕೆ ಸಿಕ್ಕಿಬಿಡ್ತು" ಎಂದು ನಿಜ ಹೇಳಿದ್ದ. ಏಳು ಹೊಲಿಗೆ. ಮೂರು ಮೊಳೆಗೆ ಮೂರು ಸೊನ್ನೆ. ಅಂದಿನಿಂದ ಡೆಲ್ಬರ್ಟ್ ಊಟದ ಮೇಜಿನಲ್ಲಿ ಒಬ್ಬನೇ. ಚರ್ಚಿನಲ್ಲಿ ಅವನು ಕುಳಿತ ಬೆಂಚಿನ ಹಿಂದೆ ಮುಂದೆ ಎಲ್ಲ ಖಾಲಿ. ಅವನನ್ನು ಪೊರಕೆ ಕೆಲಸಕ್ಕೆ ಹಾಕಿದರು. ಊರಿನಲ್ಲಿ ಯಾರ ಮದುವೆ ಮುರಿದರೂ, ಯಾರ ಕೇಕ್ ಸೀದರೂ "ಡೆಲ್ಬರ್ಟ್ ಮಾಡಿಬಿಟ್ಟೆಯಲ್ಲೋ" ಎನ್ನುವುದು ರೂಢಿಯಾಯಿತು.

ಈಗ ಹಲಗೆಯ ಮೇಲೆ ಒಂಬೈನೂರ ತೊಂಬತ್ತೆಂಟು. ಬುಧವಾರ. ನೂರ ನಲವತ್ತು ಜನ ಮೊಟ್ಟೆಯ ಬುಟ್ಟಿ ಹೊತ್ತವರಂತೆ ಓಡಾಡುತ್ತಿದ್ದರು. ಕೆಮ್ಮಿದರೆ ಹತ್ತು ಜನ ತಿರುಗಿ ನೋಡುತ್ತಿದ್ದರು.

ಎಲ್ಡನ್ ಹಪ್‌ಗೆ ಮಾತ್ರ ಬೇರೊಂದು ಚಡಪಡಿಕೆ. ಸಾವಿರಕ್ಕೆಂದು ಹಲಗೆಯ ಎಡಗಡೆ ನಾಲ್ಕನೆಯ ಮೊಳೆ ಹೊಡೆದಾಗಿತ್ತು. ಶುಕ್ರವಾರ ಬೆಳಿಗ್ಗೆ ಪೆನಿ ಮೂರು ಸೊನ್ನೆ ತೂಗುಹಾಕುವಳು. ಮಧ್ಯಾಹ್ನ ಎಲ್ಲರೆದುರು ಚಿನ್ನದ ಬಣ್ಣದ ದೊಡ್ಡ 'ಒಂದು' ಅಂಕಿಯನ್ನು ಏಣಿ ಹತ್ತಿ ತೂಗುಹಾಕುವ ಭಾಗ್ಯ ಎಲ್ಡನ್‌ನದು. ಏಕೆಂದರೆ ಇಷ್ಟು ದಿನಗಳಲ್ಲಿ ಗಾಯಕ್ಕೆಂದು ಒಂದು ಅಂಟುಪಟ್ಟಿಯನ್ನೂ ಕೇಳಲು ಪೆನಿಯ ಬಳಿ ಹೋಗದವನು ಅವನೊಬ್ಬನೇ. ಮ್ಯಾನೇಜರ್ ಸ್ಪ್ರಾಗ್ ಸಾಹೇಬರು ಅವನ ಹೆಗಲು ತಟ್ಟಿ "ನೀನೇ ನಮ್ಮ ಸುರಕ್ಷತೆಯ ಮುಖ" ಎಂದಿದ್ದರು. ಆ ಮುಖ ಅಂದಿನಿಂದ ಕನ್ನಡಿ ಬಿಟ್ಟು ಕದಲಿರಲಿಲ್ಲ.

ಬರೀ ಹತ್ತಿ ತೂಗುಹಾಕಿದರೆ ಏನು ಚೆಂದ? ಹತ್ತಿ, ಅರ್ಧ ತಿರುಗಿ, ಬಾಗಿ ನಮಸ್ಕರಿಸಿ, ಆಮೇಲೆ ತೂಗುಹಾಕಬೇಕು ಎಂದು ಎಲ್ಡನ್ ನಿರ್ಧರಿಸಿದ. ಊಟದ ಬಿಡುವಿನಲ್ಲಿ ಉಗ್ರಾಣಕ್ಕೆ ಏಣಿ ಒಯ್ದು ಅಭ್ಯಾಸಕ್ಕೆ ನಿಂತ. ಹತ್ತಿದ, ಚೆನ್ನಾಗಿತ್ತು. ತಿರುಗಿದ, ಇನ್ನೂ ಚೆನ್ನಾಗಿತ್ತು. ಬಾಗಿದಾಗ ಅವನ ಹಿಂಭಾಗ ಕಪಾಟಿಗೆ ತಾಗಿತು. ಕೆಳಗಿಳಿದು, ತಾಗಿದ್ದೇನು ಎಂದು ತಲೆಯೆತ್ತಿ ನೋಡುವಷ್ಟರಲ್ಲಿ ಬಲೂನಿನ ಗುಂಡುಗಳ ಪೆಟ್ಟಿಗೆ ಸಾವಕಾಶವಾಗಿ ಜಾರಿ, ಸೀದಾ ಅವನ ಬಲಪಾದದ ಮೇಲೆ ಕೂತಿತು. ಪೆಟ್ಟಿಗೆಯ ಮೇಲೆ 'ಇನ್ನೂರು ಗುಂಡು, ಇಬ್ಬರು ಎತ್ತಿ' ಎಂದು ಅಚ್ಚಾಗಿತ್ತು. ಇಬ್ಬರು ಕೆಲಸಗಾರರನ್ನು ಆ ಉಗ್ರಾಣದಿಂದ ತೆಗೆದು ಎರಡು ವರ್ಷವಾಗಿತ್ತು.

ಎಲ್ಡನ್ ಕೂಗಲಿಲ್ಲ. ಹತ್ತಿರವಿದ್ದ ಟೋಪಿಯೊಂದನ್ನು ಬಾಯಿಗೆ ತುರುಕಿಕೊಂಡ.

ಸದ್ದಿಗೆ ಬಂದವಳು ಟೋಪಿ ವಿಭಾಗದ ಹಿರಿಯಳು ಬರ್ನೀಸ್.

"ಏನೋ ಆಯ್ತು?"

ಎಲ್ಡನ್ ತಲೆಯಾಡಿಸಿದ, ಏನೂ ಇಲ್ಲ.

"ಏನೂ ಇಲ್ದೋನು ಟೋಪಿ ಯಾಕೋ ತಿಂತಿದೀಯ?"

ಟೋಪಿ ತೆಗೆದ. "ಕಾಲು, ಬರ್ನೀಸ್. ಬೆರಳು ಮುರಿದಂಗಿದೆ."

ಬರ್ನೀಸ್ ಬಾಗಿಲು ಮುಚ್ಚಿದಳು. ಅವಳ ಮಗಳು ಕೆಂಟಕಿಯಲ್ಲಿ ಹೆತ್ತು ನಾಲ್ಕು ತಿಂಗಳಾಗಿತ್ತು. ಅಜ್ಜಿ ಮೊಮ್ಮಗುವನ್ನು ಫೋಟೋದಲ್ಲಿ ಬಿಟ್ಟು ನೋಡಿರಲಿಲ್ಲ. ಶನಿವಾರ ಹೊರಟು ಸೋಮವಾರ ಮರಳುವ ಬಸ್ಸಿಗೆ ಟಿಕೆಟ್ ಆಗಿತ್ತು.

"ಎಲ್ಲಿ ಆಯ್ತು ಇದು?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲೇ. ಈಗ. ಈ ಪೆಟ್ಟಿಗೆ..."

"ಇಲ್ಲ ಕಣೋ. ಸರಿಯಾಗಿ ನೆನಪು ಮಾಡ್ಕೋ. ಎಲ್ಲಿ ಆಯ್ತು?"

ಎಲ್ಡನ್ ಪೆಟ್ಟಿಗೆಯನ್ನು ನೋಡಿದ, ಬರ್ನೀಸಳ ಮುಖ ನೋಡಿದ, ಗೋಡೆಯಾಚೆ ಒಬ್ಬನೇ ಕಸ ಗುಡಿಸುತ್ತಿದ್ದ ಡೆಲ್ಬರ್ಟ್‌ನ ಪೊರಕೆಯ ಸದ್ದು ಕೇಳಿಸಿಕೊಂಡ.

"...ಮನೇಲಿ?"

"ಶಹಬ್ಬಾಸ್."

ಆದರೆ ಸುಳ್ಳಿಗೆ ಮನೆಯೊಂದೇ ಸಾಲದು, ಅದಕ್ಕೊಂದು ಕೋಣೆ, ಒಂದು ಸಾಮಾನು, ಒಬ್ಬ ಆಸಾಮಿ ಬೇಕು. ಕುಂಟುತ್ತ ಹೊರಬಂದ ಎಲ್ಡನ್‌ಗೆ ಎದುರಾದವರು ಸ್ಪ್ರಾಗ್ ಸಾಹೇಬರು. ಅವರ ಮುಖ ಸುಣ್ಣವಾಯಿತು. ಸಾವಿರ ಮುಟ್ಟಿಸಿದ ಮ್ಯಾನೇಜರನಿಗೆ ಮುಖ್ಯ ಕಚೇರಿಯಲ್ಲಿ ದೊಡ್ಡ ಕುರ್ಚಿಯೊಂದು ಕಾದಿತ್ತು.

"ಹಪ್! ಯಾಕೆ ಕುಂಟ್ತಿದೀಯ?"

"ಮನೇಲಿ ಆಯ್ತು ಸಾರ್."

"ದೇವರು ದೊಡ್ಡವನು. ಹೇಗೆ?"

ಎಲ್ಡನ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಬರ್ನೀಸ್ ಹೇಳಿದಳು: "ಅವನಿಗೆ ಹೇಳೋಕೆ ನಾಚಿಕೆ ಸಾರ್. ಗಂಡ ಹೆಂಡ್ತಿ ವಿಷಯ."

"ಓಹೋ," ಎಂದರು ಸಾಹೇಬರು, ಜೀವ ಬಂದವರಂತೆ. "ಸಂಸಾರದ ವಿಷಯಕ್ಕೆ ಕಂಪನಿ ತಲೆ ಹಾಕಲ್ಲಪ್ಪ. ಪೆನಿ! 'ಕಾರ್ಖಾನೆಯ ಹೊರಗೆ' ಅಂತ ಬರ್ಕೊ."

ಗಂಡ ಹೆಂಡತಿ ಎಂಬ ಆ ಒಂದು ಮಾತು ಟೋಪಿ ವಿಭಾಗದಿಂದ ಪೀಪಿ ವಿಭಾಗಕ್ಕೆ ಹೋಗುವಾಗ ಕೈಗೆ ಬಾಣಲೆ ಹಿಡಿದಿತ್ತು. ತೋರಣ ವಿಭಾಗ ದಾಟುವಾಗ ಆ ಬಾಣಲೆ ಎರಕದ ಕಬ್ಬಿಣದ್ದಾಯಿತು. ಮೂರೂವರೆಯ ಗಂಟೆ ಹೊಡೆಯುವಷ್ಟರಲ್ಲಿ, ಎಲ್ಡನ್‌ನ ಹೆಂಡತಿ ವರ್ನಾ ಅವನನ್ನು ಹಿತ್ತಲಿನವರೆಗೆ ಅಟ್ಟಿಸಿಕೊಂಡು ಹೋಗಿ ಕಾಲಿಗೆ ಬಡಿದಳೆಂದೂ, ಇದು ಮೊದಲ ಸಲವೇನಲ್ಲವೆಂದೂ ಟಿಲ್ಬರಿಯ ಪೆಟ್ರೋಲ್ ಬಂಕಿನವರೆಗೆ ಸುದ್ದಿ ಮುಟ್ಟಿತ್ತು.

ವರ್ನಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಮನೆಯೊಳಗೆ ಜೇಡ ಬಂದರೆ ಲೋಟದಲ್ಲಿ ಹಿಡಿದು ಹೊರಗೆ ಬಿಟ್ಟುಬರುವ ಹೆಂಗಸು. ಗಂಡ ಅವಳಿಗೆ ನಿಜವನ್ನೇ ಹೇಳಿದ್ದ. ಊರು ಕಟ್ಟಿದ ಕತೆ ಅವನ ಕಿವಿಗೂ ಬಿದ್ದಿರಲಿಲ್ಲ. "ಡಾಕ್ಟರ ಹತ್ರ ನಡಿ" ಎಂದಳು. "ಡಾಕ್ಟ್ರು ಎಲ್ಲಾಯ್ತು ಅಂತ ಕೇಳ್ತಾರೆ. ಶುಕ್ರವಾರದ ತನಕ ತಡ್ಕೋ ಮಾರಾಯ್ತಿ" ಎಂದ. ಅವಳು ಪಾದಕ್ಕೆ ಬಟ್ಟೆ ಸುತ್ತಿ, ತನ್ನ ಅಪ್ಪನ ಹಳೆಯ ರಬ್ಬರ್ ಬೂಟು ಹುಡುಕಿ ಕೊಟ್ಟಳು. ಗುರುವಾರ ಎಲ್ಡನ್ ಎಂಟೂವರೆ ಗಂಟೆ ಆ ಬೂಟಿನಲ್ಲಿ ನಿಂತ. ಗೆಳೆಯರು ಗುಟ್ಟಾಗಿ ಅದರೊಳಕ್ಕೆ ಐಸು ಸುರಿದರು. ಅದು ಕರಗಿ, ಅವನು ಹೆಜ್ಜೆಯಿಟ್ಟಲ್ಲೆಲ್ಲ ಪಚಕ್ ಪಚಕ್ ಎನ್ನುತ್ತಿತ್ತು. ಕಡೆಗೂ ಮನೆ ಮುಟ್ಟಿ ನೋಡಿದರೆ ಬಾಗಿಲಲ್ಲಿ ನೆರೆಯವರು ಇಟ್ಟುಹೋದ ಮೂರು ಬಗೆಯ ಬೇಯಿಸಿದ ತಿಂಡಿಯ ತಟ್ಟೆಗಳು. ಮೂರರ ಮೇಲೂ ಒಂದೇ ಚೀಟಿ: 'ಎಲ್ಡನ್‌ಗೆ ಮಾತ್ರ.' ಬೇಲಿಯಾಚೆ ಪೊಲೀಸ್ ಕಾರು, ಒಳಗಿನಿಂದ ಡೆಪ್ಯುಟಿ "ಏನಾದ್ರೂ ಇದ್ರೆ ಒಂದು ಕೂಗು ಹಾಕಪ್ಪ" ಎಂದು ಕೈಯಾಡಿಸಿದ.

ಒಳಗೆ ಸೋಫಾದ ಮೇಲೆ ಚರ್ಚಿನ ಪಾಸ್ಟರ್ ನೋಬಲ್. ಎದುರಿಗೆ ಕೈಕಟ್ಟಿ ನಿಂತ ವರ್ನಾ. ಫೋನಿನಲ್ಲಿ ಡೇಟನ್ ಊರಿನ ಅವಳ ತಂಗಿ, ಕೋಣೆಗೆಲ್ಲ ಕೇಳಿಸುವಂತೆ: "ಅಕ್ಕಾ, ನೀನು ನಮ್ಮನೆಗೇ ಬಂದ್ಬಿಡೇ! ಬಾಣಲೆ ಮಾತ್ರ ಅಲ್ಲೇ ಬಿಟ್ಟು ಬಾ, ನಮ್ಮನೆಯವ್ರು ಹೆದರ್ತಾರೆ!"

ವರ್ನಾ ಫೋನ್ ಇಟ್ಟಳು.

"ಕೋಪ ಅನ್ನೋದು ಬೆಂಕಿ ಇದ್ದಂಗಮ್ಮ ವರ್ನಾ," ಎಂದರು ಪಾಸ್ಟರ್ ಮೃದುವಾಗಿ. "ಕೈಯೆತ್ತುವ ಮೊದಲು ಹತ್ತರ ತನಕ ಎಣಿಸಬೇಕು."

"ನಾನು ಮುನ್ನೂರ ಹತ್ತು ಎಣಿಸಿಯಾಯ್ತು ಪಾಸ್ಟರ್. ನೀವಿನ್ನೂ ಕೂತಿದ್ದೀರಿ." ಅವಳು ಗಂಡನ ಕಡೆ ತಿರುಗಿದಳು. "ಬಂದ್ಯಾ? ಹೇಳು ಇವ್ರಿಗೆ. ನಾನು ಯಾವಾಗ ನಿನ್ನ ಹಿತ್ತಲಿಗೆ ಅಟ್ಟಿಸ್ಕೊಂಡು ಹೋದೆ? ನಮಗೆ ಹಿತ್ತಲಾದ್ರೂ ಎಲ್ಲಿದೆ?"

ಎಲ್ಡನ್‌ನ ಮುಖದಲ್ಲಿದ್ದ ಬಣ್ಣವೆಲ್ಲ ಪಾದಕ್ಕಿಳಿಯಿತು. ಅಲ್ಲಿ ಆಗಲೇ ಸಾಕಷ್ಟಿತ್ತು. "ಪಾಸ್ಟರ್, ವರ್ನಾ ಏನೂ ಮಾಡಿಲ್ಲ. ಕಾರ್ಖಾನೇಲಿ ಪೆಟ್ಟಿಗೆ..."

"ಮಗನೇ!" ಪಾಸ್ಟರ್ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಎದ್ದು ನಿಂತರು. ಅವರ ಹೆಂಡತಿ ಪೀಪಿ ವಿಭಾಗದಲ್ಲಿದ್ದಳು. ಸೋಮವಾರ ಇಬ್ಬರೂ ಕೆರೆಗೆ ಮೀನು ಹಿಡಿಯಲು ಹೋಗುವುದೆಂದು ಮೂರು ವರ್ಷದಿಂದ ಮಾತಾಗಿತ್ತು. "ನಾನೇನೂ ಕೇಳಿಸ್ಕೊಳ್ಳಲಿಲ್ಲ. ಭಾನುವಾರ ಬಾ. ಭಾನುವಾರ ಎಲ್ಲ ಪಾಪಾನೂ ಕೇಳ್ತೀನಿ. ಶುಕ್ರವಾರಕ್ಕೆ ಮುಂಚೆ ಬೇಡ."

ಅವರು ಟೋಪಿ ಮರೆತು ಓಡಿದರು.

ವರ್ನಾ ಬಾಣಲೆಯನ್ನು ತೆಗೆದು ಮೇಜಿನ ನಡುವೆ ಇಟ್ಟಳು. ಎಲ್ಡನ್ ಕುರ್ಚಿಯನ್ನು ಎರಡು ಗೇಣು ಹಿಂದಕ್ಕೆ ಸರಿಸಿದ.

"ಇವತ್ತು ಶಾಲೇಲಿ ಒಂದು ಮಗು ನನ್ನ ಕೈಯಿಂದ ತಟ್ಟೆ ತಗೊಳ್ಳೋಕೆ ಹೆದರ್ತು," ಎಂದಳು. "ಒಂದು ಹ್ಯಾಮಿಗೆ ನನ್ನ ಹೆಸರು ಮಾರಿದ್ಯಲ್ಲೋ."

"ಹ್ಯಾಮಿಗಲ್ವೇ. ಬರ್ನೀಸ್ ಮೊಮ್ಮಗು..."

"ಬರ್ನೀಸ್ ಮೊಮ್ಮಗು ನೋಡೋಕೆ ನಿನ್ನ ಕಾಲು ಯಾಕೋ ಮುರೀಬೇಕು? ಒಂದು ದಿನ ರಜೆ ಕೊಡೋಕೆ ಸಾವಿರ ದಿನ ಎಣಿಸ್ತಾನಲ್ಲ ನಿಮ್ಮ ಸಾಹೇಬ, ಅವನನ್ನ ಯಾರೂ ಏನೂ ಕೇಳಲ್ಲ. ನನ್ನ ಬಾಣಲೆ ಮಾತ್ರ ಊರಿಗೆಲ್ಲ ಕಾಣ್ಸುತ್ತೆ. ನಾಳೆ ಅಷ್ಟೂ ಜನರ ಮುಂದೆ ನಿಜ ಹೇಳ್ತೀಯ. ಇಲ್ಲಾಂದ್ರೆ ಈ ಬಾಣಲೆ ಕತೇನ ನಾನೇ ನಿಜ ಮಾಡ್ತೀನಿ."

ಶುಕ್ರವಾರ ಬೆಳಿಗ್ಗೆ ಹಲಗೆಯ ಮೇಲೆ ಮೂರು ಸೊನ್ನೆ ಕಂಡು ಇಬ್ಬರಿಗೆ ತಲೆ ಸುತ್ತು ಬಂತು. 'ಒಂದು' ಇನ್ನೂ ಬರಬೇಕು, ಅದು ಮಧ್ಯಾಹ್ನ, ಎಂದು ಪೆನಿ ಪ್ರತಿಯೊಬ್ಬರಿಗೂ ವಿವರಿಸಬೇಕಾಯಿತು. ಹನ್ನೆರಡಕ್ಕೆ ಕ್ಯಾಂಟೀನು ತುಂಬಿತು. ಎರಡನೆಯ ದರ್ಜೆಯ ಟೋಪಿಗಳು, ಎಂದರೆ ಅಂಚು ಅಂಟದೆ ತಿರಸ್ಕೃತವಾದವು, ಎಲ್ಲರ ತಲೆಗೂ ಬಂದವು. ಬೇಯಿಸಿದ ಜೋಳ, ಬೀನ್ಸು, ಉದ್ದ ಮೇಜಿನ ತುಂಬ ಹ್ಯಾಮ್. ವರ್ನಾ ಶಾಲೆಯ ಅಡುಗೆಮನೆಯ ರೂಢಿಯಂತೆ ಕೊಯ್ಯಲು ಚಾಕು ತೆಗೆದುಕೊಂಡಳು. ನಾಲ್ಕು ಕೈಗಳು ಬಂದು ಚಾಕುವನ್ನು ಒಯ್ದವು.

"ನೀವು ಕಾಗದದ ತಟ್ಟೆ ಜೋಡ್ಸಿ ವರ್ನಾ, ಸಾಕು," ಎಂದಳು ಪಾಸ್ಟರರ ಹೆಂಡತಿ, ಮೂರು ಹೆಜ್ಜೆ ದೂರದಿಂದ.

ಸ್ಪ್ರಾಗ್ ಸಾಹೇಬರು ಪತ್ನಿಯೊಂದಿಗೆ ಬಂದರು. ಆಕೆ ಮುತ್ತಿನ ಸರ ಹಾಕಿ, ಟೋಪಿ ಬೇಡವೆಂದು ಬೆರಳಲ್ಲೇ ಹೇಳಿದಳು. ಸಾಹೇಬರು ಭಾಷಣ ಮಾಡಿದರು. ನಾವೆಲ್ಲ ಒಂದು ಕುಟುಂಬ ಎಂದರು. ಕುಟುಂಬದವರು ಗೋಡೆಯ ಗಡಿಯಾರ ನೋಡಿದರು, ಊಟದ ಬಿಡುವು ಮೂವತ್ತೇ ನಿಮಿಷ.

"ಈಗ ನಮ್ಮ ಎಲ್ಡನ್ ಹಪ್! ಸಾವಿರ ದಿನದಲ್ಲಿ ಒಂದು ಗೀರೂ ಇಲ್ಲದ ಮನುಷ್ಯ!"

ಪಚಕ್ ಪಚಕ್ ಎಂದು ಆ ಮನುಷ್ಯ ಏಣಿಯ ಬಳಿ ಹೋದ. ಕೈಯಲ್ಲಿ ಚಿನ್ನದ 'ಒಂದು'. ಮೊದಲ ಮೆಟ್ಟಿಲಿಗೆ ಎಡಗಾಲಿಟ್ಟ. ಬಲಗಾಲು ಬರಲೊಪ್ಪಲಿಲ್ಲ. ಎಡಕ್ಕೆ ವರ್ನಾ, ಕೈಯಲ್ಲಿ ಕಾಗದದ ತಟ್ಟೆಗಳು, ಕಣ್ಣು ಅವನ ಮೇಲೆ. ಬಲಕ್ಕೆ ಬರ್ನೀಸ್, ಮೊಮ್ಮಗುವಿನ ಫೋಟೋವನ್ನು ಎದೆಗೊತ್ತಿಕೊಂಡು.

"ಸಾರ್, ಒಂದು ಮಾತು..."

"ಆಮೇಲೆ ಮಾತಾಡೋಣ. ಹತ್ತು."

"ಹತ್ತೋ ಮುಂಚೆನೇ ಹೇಳ್ಬೇಕು ಸಾರ್."

"ಮುಖ್ಯ ಕಚೇರಿಯವರು ಫೋನಲ್ಲಿ ಕಾಯ್ತಿದ್ದಾರೆ ಕಣಯ್ಯ! ಕೊಡಿಲ್ಲಿ!" ಸಾಹೇಬರು ಅಂಕಿಯನ್ನು ಕಿತ್ತುಕೊಂಡು ತಾವೇ ಸರಸರನೆ ಏಣಿ ಏರಿದರು. ಸಾಹೇಬರ ಕೈ ಮೇಲೆದ್ದೊಡನೆ ಬಣ್ಣದ ಚೂರುಕಾಗದ ಚಿಮ್ಮಿಸುವ ಕೊಳವೆ ಸಿಡಿಸಬೇಕೆಂದು ಪೆನಿಗೆ ಅಪ್ಪಣೆಯಾಗಿತ್ತು. ಸಾಹೇಬರು ಗದ್ದಲ ಅಡಗಿಸಲೆಂದು ಕೈ ಎತ್ತಿದರು.

ಢಂ!

ಪ್ರಿಚೆಟ್ ಕಾರ್ಖಾನೆಯ ಮಾಲು ಯಾವಾಗಲೂ ಗಟ್ಟಿ. ಬಣ್ಣಬಣ್ಣದ ಮಳೆಯ ನಡುವೆ ಸಾಹೇಬರು ಏಣಿಯಿಂದ ಕಳಚಿ, ಮೇಜಿನಂಚಿಗೆ ಮೊಣಕೈ ಕೊಟ್ಟು, ನೆಲಕ್ಕೆ ಬಂದರು.

"ಅಯ್ಯೋ! ಕೈ! ಆಂಬ್ಯುಲೆನ್ಸ್ ಕರೀರೋ!"

ಕಾಗದದ ಚೂರೊಂದು ನಿಧಾನವಾಗಿ ಬೀನ್ಸಿನೊಳಗೆ ಇಳಿಯಿತು. ಬರ್ನೀಸ್ ಮುಂದೆ ಬಂದು ಸಾಹೇಬರ ಪಕ್ಕ ಮಂಡಿಯೂರಿದಳು.

"ಎಲ್ಲಿ ಆಯ್ತು ಸಾರ್ ಇದು?"

"ಎಲ್ಲಿ ಅಂದ್ರೆ? ಇಲ್ಲೇ! ಈಗ! ಕಣ್ಣಿಲ್ವಾ ನಿಮಗೆ?"

"ಸರಿಯಾಗಿ ನೆನಪು ಮಾಡ್ಕೊಳ್ಳಿ ಸಾರ್."

"ಬೆಳಿಗ್ಗೆ ಬಂದಾಗ್ಲೇ ಕೈ ಹಿಡ್ಕೊಂಡಿದ್ರು," ಎಂದಿತು ತೋರಣ ವಿಭಾಗ.

"ಕಾರಿಂದ ಇಳೀವಾಗ ಮುಖ ಕಿವುಚಿದ್ರು, ನಾನೇ ನೋಡ್ದೆ," ಎಂದಿತು ಪೀಪಿ ವಿಭಾಗ.

ಪೆನಿ 'ಕಾರ್ಖಾನೆಯ ಒಳಗೆ', 'ಕಾರ್ಖಾನೆಯ ಹೊರಗೆ' ಎಂಬ ಎರಡು ಫಾರಂ ಹಿಡಿದು ನಿಂತಳು. ಸಾಹೇಬರ ಕಣ್ಣು ಒಂದು ಫಾರಮಿನಿಂದ ಇನ್ನೊಂದಕ್ಕೆ, ಅಲ್ಲಿಂದ ಫೋನಿಗೆ, ಫೋನಿನಾಚೆಯ ದೊಡ್ಡ ಕುರ್ಚಿಗೆ ಓಡಾಡಿತು. ನೋವಿನಿಂದ ಹಲ್ಲು ಕಚ್ಚಿ ಅವರು ಹೇಳಿದರು: "...ಮನೇಲಿ. ಬೆಳಿಗ್ಗೆ ಮನೇಲೇ ಆಗಿತ್ತು."

ಛಾವಣಿ ಹಾರಿಹೋಗುವಂತೆ ಜಯಕಾರ. ಸೋಮವಾರ ಉಳಿಯಿತು! ಮೀನು ಉಳಿಯಿತು, ಮೊಮ್ಮಗು ಉಳಿಯಿತು. ಆಮೇಲೆ ಆ ನೂರ ನಲವತ್ತು ತಲೆಗಳೂ ಒಟ್ಟಿಗೆ ಮೆಲ್ಲಗೆ ಶ್ರೀಮತಿ ಸ್ಪ್ರಾಗ್ ಕಡೆ ತಿರುಗಿದವು. ಯಾರೋ ಆಕೆಯ ಮುಂದಿದ್ದ ಚಾಕುವನ್ನು ಸದ್ದಿಲ್ಲದೆ ಸರಿಸಿದರು.

"ನನ್ನ ಯಾಕೆ ಹೀಗೆ ನೋಡ್ತಿದ್ದೀರಿ?" ಎಂದಳು ಆಕೆ. ವರ್ನಾ ಒಂದು ಕಾಗದದ ತಟ್ಟೆ ಕೊಟ್ಟು, ಒಬ್ಬ ಅನುಭವಸ್ಥೆ ಇನ್ನೊಬ್ಬಳನ್ನು ಕೇಳುವಂತೆ ಕೇಳಿದಳು: "ಬಾಣಲೆನಾ, ಲಟ್ಟಣಿಗೆನಾ?"

ಆಕೆ ಮುತ್ತಿನ ಸರವನ್ನು ಬಿಗಿಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಎಲ್ಡನ್ ಅದನ್ನು ನೋಡಿದ. ಎರಡು ದಿನದಿಂದ ತನ್ನ ಹೆಂಡತಿಯ ಮುಖ ಹೀಗೇ ಇತ್ತೆಂದು, ಕಾಲಿನ ಕಡೆ ಮಾತ್ರ ನೋಡುತ್ತಿದ್ದ ಅವನಿಗೆ ಈಗ ಹೊಳೆಯಿತು.

"ಸಾಹೇಬ್ರು ಇಲ್ಲೇ ಬಿದ್ರು," ಎಂದ. ದನಿ ಸಣ್ಣದಿತ್ತು, ಇನ್ನೊಮ್ಮೆ ಹೇಳಬೇಕಾಯಿತು. "ಇಲ್ಲೇ ಬಿದ್ರು. ನನ್ನ ಕಾಲೂ ಇಲ್ಲೇ ಮುರಿದದ್ದು. ಬುಧವಾರ, ಉಗ್ರಾಣದಲ್ಲಿ. ವರ್ನಾ ನನ್ನ ಮೇಲೆ ಕೈ ಎತ್ತಿಲ್ಲ. ಎತ್ತಬೇಕಾಗಿತ್ತು, ಎತ್ತಿಲ್ಲ." ನೆಲಕ್ಕೆ ಕೂತು ಬೂಟು ಎಳೆದ. ನೀರು ಸುರಿಯಿತು. ಪಾದ ಬದನೆಕಾಯಿಯ ಬಣ್ಣದ್ದಾಗಿತ್ತು.

ಊರಿಗೆ ಎರಡನೆಯ ಡೆಲ್ಬರ್ಟ್ ಹುಟ್ಟಿದ್ದ. ಮೊದಲನೆಯ ಡೆಲ್ಬರ್ಟ್ ಪೊರಕೆಯನ್ನು ಗೋಡೆಗೊರಗಿಸಿ, ಒಂದು ಕುರ್ಚಿ ತಂದು ಎಲ್ಡನ್‌ನ ಹಿಂದೆ ಇಟ್ಟ.

ಬರ್ನೀಸ್ ಫೋಟೋವನ್ನು ಒಮ್ಮೆ ನೋಡಿ ಚೀಲಕ್ಕೆ ಹಾಕಿದಳು. ಆಮೇಲೆ ಅಂಗಿಯ ತೋಳು ಮಡಿಚಿ, ಸೊಟ್ಟಗೆ ಕೂಡಿದ್ದ ಮಣಿಕಟ್ಟನ್ನು ಎತ್ತಿ ಹಿಡಿದಳು. "ಎಂಟುನೂರ ಮೂರನೇ ದಿನ. ಟೋಪಿ ಯಂತ್ರ. ನಾನೂ ಮನೇಲೇ ಬಿದ್ದಿದ್ದೆ."

"ಇನ್ನೂರ ಹದಿನೇಳು," ಎಂದು ಯಾರೋ ಒಬ್ಬ ಬೆನ್ನು ಮುಟ್ಟಿಕೊಂಡ.

"ನಾನೂರ ತೊಂಬತ್ತು. ಬಿಸಿ ಅಂಟು." ಪಾಸ್ಟರರ ಹೆಂಡತಿ ಕೈಗವಸು ತೆಗೆದಳು. "ಬೇಕಿಂಗ್ ಮಾಡ್ವಾಗ ಸುಟ್ಕೊಂಡೆ ಅಂದಿದ್ದೆ. ನಂಗೆ ಬೇಕಿಂಗೇ ಬರಲ್ಲ."

ಸುಳ್ಳು ಹೇಳುವಾಗ ಎಷ್ಟು ಒಗ್ಗಟ್ಟಿತ್ತೋ ಅಷ್ಟೇ ಒಗ್ಗಟ್ಟಿನಿಂದ ದಿನಗಳು ಒಂದೊಂದಾಗಿ ಉದುರಿದವು. ಸಾಹೇಬರು ನೆಲದಿಂದಲೇ ಕೂಗಿದರು: "ಹಾಗಾದ್ರೆ ರಜೆ ಇಲ್ಲ! ಹ್ಯಾಮೂ ಇಲ್ಲ! ಪೆನಿ, ಅಂಕಿ ತೆಗಿ!"

ಪೆನಿ ಹಲಗೆಯ ಕಡೆ ನೋಡಿದಳು. ತೆಗೆಯಲು ಏನೂ ಇರಲಿಲ್ಲ. ಚಿನ್ನದ 'ಒಂದು' ಸಾಹೇಬರ ಕೈಯಲ್ಲೇ ಇತ್ತು. ಗೋಡೆಯ ಮೇಲೆ, ಬೆಳಿಗ್ಗೆಯಿಂದ ನೂರ ನಲವತ್ತು ಜನರೆದುರು, ಮೂರು ಸೊನ್ನೆ ತೂಗುತ್ತಿದ್ದವು. ಹ್ಯಾಮಿನ ವಿಷಯಕ್ಕೂ ಆಕೆ ಏನೂ ಮಾಡುವಂತಿರಲಿಲ್ಲ. ಮಾತು ಶುರುವಾದಾಗಿನಿಂದ ವರ್ನಾ ಚಾಕು ಹಿಡಿದು ಕೊಯ್ಯುತ್ತಲೇ ಇದ್ದಳು, ಎಲ್ಲರ ಬಾಯೂ ತುಂಬಿತ್ತು. ಮೊದಲ ತಟ್ಟೆಯನ್ನು ಅವಳು ಡೆಲ್ಬರ್ಟ್‌ಗೆ ಕೊಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಐದು ನಿಮಿಷವಿರುವಾಗ ಪೆನಿಯ ಫೋನು ಬಡಿಯಲಾರಂಭಿಸಿತು. ಪೀಪಿ ವಿಭಾಗದವರು ಒಟ್ಟಾಗಿ ಸ್ನಾನದ ಮನೆಯಲ್ಲಿ ಜಾರಿದ್ದರು. ತೋರಣ ವಿಭಾಗಕ್ಕೆ ಇಡಿಯಾಗಿ ಸೊಂಟ ಹಿಡಿದಿತ್ತು. ಪಾಸ್ಟರರ ಹೆಂಡತಿ, ಹಿನ್ನೆಲೆಯಲ್ಲಿ ನೀರು ಪುಳಕ್ ಎನ್ನುತ್ತಿರಲು, ಬೇಕಿಂಗ್ ಮಾಡುವಾಗ ಕೈ ಸುಟ್ಟುಕೊಂಡಿದ್ದಳು. ಬರ್ನೀಸ್ ಕೆಂಟಕಿಯಿಂದ, ಮಗುವಿನ ಅಳುವಿನ ನಡುವೆ, ತಾನು ಮನೆಯ ಮೆಟ್ಟಿಲಿನಿಂದ ಬಿದ್ದೆನೆಂದು ಕಿರುಚಿದಳು. ಎಲ್ಡನ್ ಹಪ್ ಪಾದಕ್ಕೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ. ಅವನ ಪರವಾಗಿ ಮಾತಾಡಿದ ವರ್ನಾ "ಬಾಣಲೆ, ಎರಕದ ಕಬ್ಬಿಣದ್ದು, ಬರ್ಕೊಳ್ಳಮ್ಮ" ಎಂದಳು.

'ಕಾರ್ಖಾನೆಯ ಹೊರಗೆ' ಎಂಬ ಫಾರಂಗಳು ಮುಗಿದುಹೋದವು. ಪೆನಿ 'ನಿವೃತ್ತಿಯ ಶುಭಾಶಯ'ದ ಪಟ್ಟಿಯೊಂದನ್ನು ಬಿಚ್ಚಿ ಅದರ ಹಿಂದೆ ಬರೆಯತೊಡಗಿದಳು. ಹನ್ನೆರಡು ಅಡಿಯಲ್ಲಿ ಹನ್ನೊಂದು ತುಂಬಿದಾಗ ಕೊನೆಯ ಫೋನು ಬಂತು.

"ನಾನು ಡೆಲ್ಬರ್ಟ್. ಹೆಬ್ಬೆರಳು ಕುಯ್ಕೊಂಡ್‌ಬಿಟ್ಟೆ."

ಪೆನಿಯ ಪೆನ್ನು ನಿಂತಿತು. ಈ ಮನುಷ್ಯ ನಿಜವನ್ನೇ ಹೇಳುವನೆಂದು ಅವಳಿಗೆ ಗೊತ್ತಿತ್ತು, ಆದರೂ ಕೇಳಲೇಬೇಕು. "ಎಲ್ಲಿ ಆಯ್ತು, ಡೆಲ್ಬರ್ಟ್?"

ಆ ಕಡೆ ಯಾರೋ ಬೌಲಿಂಗ್ ಚೆಂಡು ಉರುಳಿಸಿ ಗೂಟಗಳನ್ನು ಬೀಳಿಸಿದರು, ಹತ್ತಾರು ಜನ ಹೋ ಎಂದರು. "ನಿನ್ನ ಸರದಿ ಕಣೋ ಡೆಲ್ಬರ್ಟ್, ಬಾರೋ!"

"ಮನೇಲಿ ಪೆನಿ," ಎಂದ ಡೆಲ್ಬರ್ಟ್. "ಎಲ್ರೂ ಜೊತೇಲಿದ್ದಾಗ್ಲೇ ಆಯ್ತು."